ಪಾರ್ಟ್ ಬದಲಾಯಿತು, ಜರ್ಕ್ ಮಾತ್ರ ಹೋಗಲಿಲ್ಲ

ಸಿಗ್ನಲ್ ಬಿಟ್ಟ ಮೇಲೆ ಆಕ್ಸಿಲರೇಟರ್ ಮೇಲೆ ಮೆಲ್ಲಗೆ ಕಾಲಿಡುತ್ತೀರಿ. ಗಾಡಿ ಹತ್ತಿಪ್ಪತ್ತು ಕಿಲೋಮೀಟರ್ ವೇಗದಲ್ಲಿರುವಾಗ ಕಾಲಡಿಯ ನೆಲ ಗಡಗಡ ಅದುರುತ್ತದೆ. ಪಾರ್ಕಿಂಗ್‌ನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಗಾಡಿ ಮಿಡುಕುತ್ತದೆ. ಒಂದು ದಿನ ಡ್ಯಾಶ್‌ಬೋರ್ಡ್ ಮೇಲೆ ಆಲ್ ವೀಲ್ ಡ್ರೈವ್ ಎಚ್ಚರಿಕೆಯ ದೀಪ. ಲಕ್ಷಗಟ್ಟಲೆ ಖರ್ಚು ಮಾಡಿ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಬದಲಾಯಿಸುತ್ತೀರಿ. ಕೆಲವು ತಿಂಗಳು ಎಲ್ಲವೂ ಸರಿ, ಆಮೇಲೆ ಮತ್ತದೇ ಗಡಗಡ.

“ಈ ಕಂಪನಿಯ ಗಾಡಿಯೇ ಇಷ್ಟು” ಎನ್ನುವ ತೀರ್ಮಾನ ಆಗ ಸುಲಭವಾಗಿ ಬಂದುಬಿಡುತ್ತದೆ. ನನ್ನ ಮಾತು ಬೇರೆ. ಒಂದೇ ದೋಷ ಮತ್ತೆ ಮತ್ತೆ ಮರಳುತ್ತಿದ್ದರೆ, ಬಿಚ್ಚಿ ಎಸೆದ ಪಾರ್ಟನ್ನು ಹಾಳು ಮಾಡಿದ ಕಾರಣ ಇನ್ನೂ ಗಾಡಿಯಲ್ಲೇ ಕೂತಿರುವ ಸಂಭವ ಹೆಚ್ಚು. ಅದನ್ನು ಹುಡುಕದಂತೆ ತಡೆಯುವ ಕೆಲವು ನಂಬಿಕೆಗಳಿಂದ ಮಾಲೀಕರು ಸುಮ್ಮನೆ ಹಣ ಕಳೆದುಕೊಳ್ಳುತ್ತಿದ್ದಾರೆ.

“ಆಲ್ ವೀಲ್ ಡ್ರೈವ್ ಅಂದರೆ ನಾಲ್ಕೂ ಚಕ್ರಕ್ಕೆ ಯಾವಾಗಲೂ ಸಮನಾದ ಶಕ್ತಿ”

ಎಲ್ಲ ಗಾಡಿಗಳಲ್ಲೂ ಹಾಗಿಲ್ಲ. ಬಿಎಂಡಬ್ಲ್ಯು 2003ರಲ್ಲಿ ಎಕ್ಸ್3 ಮತ್ತು ಎಕ್ಸ್5 ಗಾಡಿಗಳಲ್ಲಿ ತಂದ ಎಕ್ಸ್‌ಡ್ರೈವ್ ವ್ಯವಸ್ಥೆಯನ್ನೇ ನೋಡಿ. ಗೇರ್‌ಬಾಕ್ಸಿನಿಂದ ಬಂದ ಶಕ್ತಿ ಹಿಂದಿನ ಚಕ್ರಗಳಿಗೆ ನೇರವಾಗಿ ಹೋಗುತ್ತದೆ. ಮುಂದಿನ ಚಕ್ರಗಳ ಪಾಲನ್ನು ಟ್ರಾನ್ಸ್‌ಫರ್ ಕೇಸ್ ಒಳಗೆ ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ಪ್ಲೇಟ್‌ಗಳ ಕಟ್ಟು ನಿರ್ಧರಿಸುತ್ತದೆ. ಒಂದು ಸಣ್ಣ ಮೋಟಾರ್ ಆ ಪ್ಲೇಟ್‌ಗಳನ್ನು ಬೇಕಾದಷ್ಟು ಒತ್ತುತ್ತದೆ, ಬೇಡವಾದಾಗ ಸಡಿಲಿಸುತ್ತದೆ. ಸಾಮಾನ್ಯ ಓಟದಲ್ಲಿ ಮುಂದಕ್ಕೆ 40, ಹಿಂದಕ್ಕೆ 60 ಪಾಲು. ಆಡಿ ಕ್ಯು3, ರೇಂಜ್ ರೋವರ್ ಇವೋಕ್‌ನಂಥವುಗಳ ಹಾಲ್ಡೆಕ್ಸ್ ಮಾದರಿಯಲ್ಲಿ ಇಂಥದೇ ಕ್ಲಚ್ ಹಿಂದಿನ ಆಕ್ಸಲ್ ಬಳಿ ಇರುತ್ತದೆ. ಅಂದರೆ ಈ ಗಾಡಿಗಳಲ್ಲಿ ಮುಂದು ಹಿಂದಿನ ಹೊಂದಾಣಿಕೆಯೆಲ್ಲ ಕೆಲವು ಪ್ಲೇಟ್‌ಗಳ ಉಜ್ಜಾಟದ ಮೇಲೆ ನಿಂತಿದೆ. ಇಷ್ಟು ತಿಳಿದರೆ ಮುಂದಿನ ತಪ್ಪು ಎಷ್ಟು ದುಬಾರಿ ಎಂಬುದು ಕಾಣುತ್ತದೆ.

“ಎರಡು ಟೈರ್ ಸವೆದಿವೆ, ಎರಡನ್ನೇ ಹಾಕಿಸಿದರೆ ಸಾಕು”

ಈ ಒಂದು ನಂಬಿಕೆ ಅಂಗಡಿಯಿಂದ ಅಂಗಡಿಗೆ ದಾಟಿಕೊಂಡು ಬಂದಿದೆ. ಹ್ಯಾಚ್‌ಬ್ಯಾಕ್‌ಗೆ ಅದು ಸರಿಯಾದ ಉಳಿತಾಯವೇ. ಆಲ್ ವೀಲ್ ಡ್ರೈವ್ ಗಾಡಿಗೆ ಲೆಕ್ಕ ಹಾಕಿ ನೋಡಿ. 255/50 ಆರ್19 ಅಳತೆಯ ಹೊಸ ಟೈರಿನ ಸುತ್ತಳತೆ ಸುಮಾರು 2317 ಮಿ.ಮೀ. ಅದೇ ಟೈರು 4 ಮಿ.ಮೀ. ಸವೆದರೆ ಸುತ್ತಳತೆ ಸುಮಾರು 25 ಮಿ.ಮೀ. ಕುಗ್ಗುತ್ತದೆ. ಶೇಕಡಾ ಒಂದರಷ್ಟು ವ್ಯತ್ಯಾಸ, ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ ಒಂದೊಂದು ಕಿಲೋಮೀಟರಿಗೂ ಸವೆದ ಟೈರು ಹೊಸದಕ್ಕಿಂತ ನಾಲ್ಕೈದು ಸುತ್ತು ಹೆಚ್ಚು ತಿರುಗಬೇಕು. ಬೆಂಗಳೂರಿನಿಂದ ಮೈಸೂರು 145 ಕಿ.ಮೀ. ಎಂದಿಟ್ಟುಕೊಂಡರೆ ಏಳುನೂರು ಸುತ್ತಿನ ಹತ್ತಿರ. ಮುಂದೆ ಹೊಸ ಜೋಡಿ, ಹಿಂದೆ ಹಳೆಯ ಜೋಡಿ ಇದ್ದರೆ ಈ ವ್ಯತ್ಯಾಸವನ್ನೆಲ್ಲ ನುಂಗಬೇಕಾದದ್ದು ಆ ಕ್ಲಚ್ ಪ್ಲೇಟ್‌ಗಳು. ಕ್ಲಚ್ಚನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಯೂನಿಟ್‌ಗಂತೂ ಒಂದು ಆಕ್ಸಲ್ ಸದಾ ಜಾರುತ್ತಿರುವ ಹಾಗೆ ಕಾಣುತ್ತದೆ. ನುಣುಪಾದ ಹೆದ್ದಾರಿಯಲ್ಲೂ ಅದು ಕ್ಲಚ್ಚನ್ನು ಒತ್ತುತ್ತಲೇ ಇರುತ್ತದೆ. ಪ್ಲೇಟ್ ಕಾಯುತ್ತದೆ, ಎಣ್ಣೆ ಸುಡುತ್ತದೆ. ಹೊಸ ಟ್ರಾನ್ಸ್‌ಫರ್ ಕೇಸ್ ಕೂರಿಸಿ ಟೈರ್ ಹಾಗೇ ಬಿಟ್ಟರೆ ಅದಕ್ಕೂ ಅದೇ ಗತಿ.

ಅಳತೆ ಒಂದೇ ಇದ್ದರೂ ಬ್ರಾಂಡ್ ಬೇರೆಯಾದರೆ ಉರುಳುವ ಸುತ್ತಳತೆ ಕೊಂಚ ಬೇರೆಯಾಗಬಹುದು. ಬಿಎಂಡಬ್ಲ್ಯು ಒಪ್ಪಿದ ಟೈರಿನ ಮೇಲೆ ನಕ್ಷತ್ರದ ಗುರುತು, ಮರ್ಸಿಡಿಸ್‌ಗೆ ‘ಎಂಒ’, ಆಡಿಗೆ ‘ಎಒ’ ಅಕ್ಷರ ಇರುವುದು ಬರೀ ವ್ಯಾಪಾರದ ತಂತ್ರ ಎಂದು ತಳ್ಳಿಹಾಕಬೇಡಿ. ಕೆಲವು ಎಕ್ಸ್5 ಗಾಡಿಗಳಲ್ಲಿ ಮುಂದೆ 275/40 ಆರ್20, ಹಿಂದೆ 315/35 ಆರ್20 ಟೈರ್ ಇರುತ್ತವೆ. ಅಗಲದಲ್ಲಿ 40 ಮಿ.ಮೀ. ಅಂತರ, ವ್ಯಾಸದಲ್ಲಿ ಅರ್ಧ ಮಿ.ಮೀ. ಮಾತ್ರ! ತಯಾರಕರು ಇಷ್ಟು ಲೆಕ್ಕಹಾಕಿ ಹೊಂದಿಸಿದ್ದನ್ನು ಪಂಚರ್ ಅಂಗಡಿಯಲ್ಲಿ ಒಂದು ಗಂಟೆಯಲ್ಲಿ ಕೆಡಿಸಿಬಿಡುತ್ತೇವೆ. ಜರ್ಕ್ ಬಂದಾಗ ಮೊದಲು ನಾಲ್ಕೂ ಟೈರಿನ ಟ್ರೆಡ್ ಆಳ ಅಳೆದು, ಗಾಳಿ ಸರಿಮಾಡಿಸಿ, ಆಮೇಲೆ ಮುಂದಿನ ಮಾತು.

“ಲೈಫ್‌ಟೈಮ್ ಆಯಿಲ್, ಮುಟ್ಟಲೇಬಾರದು”

ಯಾರ ಲೈಫ್ ಎಂದು ಕೇಳಬೇಕು. ಬಿಎಂಡಬ್ಲ್ಯು, ಆಡಿ, ಲ್ಯಾಂಡ್ ರೋವರ್ ಮೂರೂ ತಮ್ಮ ಅನೇಕ ಮಾದರಿಗಳಲ್ಲಿ ಜರ್ಮನಿಯ ಝಡ್‌ಎಫ್ ಕಂಪನಿಯ ಎಂಟು ಗೇರಿನ ಆಟೊಮ್ಯಾಟಿಕ್ ಬಳಸುತ್ತವೆ. ಗೇರ್‌ಬಾಕ್ಸ್ ತಯಾರಿಸಿದ ಝಡ್‌ಎಫ್ ತಾನೇ 80,000ದಿಂದ 1,20,000 ಕಿ.ಮೀ. ಒಳಗೆ, ಅಥವಾ ಎಂಟು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಲು ಸಲಹೆ ಕೊಡುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲಿ ದಿನವೂ ತೆವಳುವ ಗಾಡಿಗೆ ಇದರ ಕೆಳಗಿನ ಅಂಕಿಯನ್ನೇ ಹಿಡಿಯುವುದು ಒಳ್ಳೆಯದು.

ಇನ್ನೊಂದು ಗೊಂದಲವೂ ಇದೆ. “ಗೇರ್ ಆಯಿಲ್ ಆಗಿದೆ” ಎಂದು ಬಿಲ್ಲಿನಲ್ಲಿದ್ದರೆ ಎಲ್ಲ ಮುಗಿಯಿತು ಎಂದುಕೊಳ್ಳುತ್ತೇವೆ. ಎಕ್ಸ್‌ಡ್ರೈವ್ ಎಸ್‌ಯುವಿಯಲ್ಲಿ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫರೆನ್ಶಿಯಲ್, ಹಿಂದಿನ ಡಿಫರೆನ್ಶಿಯಲ್ ಹೀಗೆ ನಾಲ್ಕು ಕಡೆ ಬೇರೆ ಬೇರೆ ಎಣ್ಣೆ ಇರುತ್ತದೆ. ಟ್ರಾನ್ಸ್‌ಫರ್ ಕೇಸ್‌ಗೆ ಹಿಡಿಯುವುದು ಲೀಟರಿನ ಆಸುಪಾಸು ಮಾತ್ರ. ಪ್ಲೇಟ್‌ಗಳು ಹಿಡಿದು ಬಿಡದೆ ನಯವಾಗಿ ಜಾರಲು ಆ ಎಣ್ಣೆಯಲ್ಲಿರುವ ರಾಸಾಯನಿಕವೇ ಕಾರಣ. ಅದು ಸವೆದರೆ ಪ್ಲೇಟ್ ಅಂಟಿ ಬಿಟ್ಟು, ಅಂಟಿ ಬಿಟ್ಟು ಆ ಗಡಗಡ ಹುಟ್ಟುತ್ತದೆ. ಪ್ಲೇಟ್ ಸುಟ್ಟಿರದಿದ್ದರೆ ಕಂಪನಿ ಸೂಚಿಸಿದ ಎಣ್ಣೆ ಬದಲಿಸುವುದರಿಂದಲೇ ಎಷ್ಟೋ ಗಾಡಿಗಳು ಸರಿಹೋಗುತ್ತವೆ. ಲಕ್ಷದ ಅಂದಾಜುಪಟ್ಟಿಗೆ ಸಹಿ ಹಾಕುವ ಮುನ್ನ ಇದನ್ನು ಮಾಡಿಸಲೇಬೇಕು. ಎಣ್ಣೆ ಬದಲಿಸಿದ ಮೇಲೆ ಕಂಪ್ಯೂಟರಿನಲ್ಲಿ ಅದರ ಸವೆತದ ಲೆಕ್ಕವನ್ನು ರೀಸೆಟ್ ಮಾಡಬೇಕು. ಇಲ್ಲದಿದ್ದರೆ ಯೂನಿಟ್ ಹಳೆಯ ಎಣ್ಣೆಯೇ ಇದೆ ಎಂದು ತಿಳಿದು ಹಾಗೇ ಒತ್ತಡ ಹಾಕುತ್ತದೆ. ಹೊಸ ಟ್ರಾನ್ಸ್‌ಫರ್ ಕೇಸ್ ಹಾಕಿಸಿದವರೂ ಅದರ ಕೋಡಿಂಗ್ ಆಯಿತೇ ಎಂದು ಕೇಳಬೇಕು. ಅದನ್ನು ಬಿಟ್ಟರೆ ಹೊಸ ಯೂನಿಟ್ ಮೊದಲ ದಿನದಿಂದಲೇ ತಪ್ಪು ಅಳತೆಯಲ್ಲಿ ಕೆಲಸ ಮಾಡಬಹುದು.

“ಎಣ್ಣೆ ಬದಲಿಸಿದ ಮೇಲೇ ಗೇರ್‌ಬಾಕ್ಸ್ ಕೆಟ್ಟಿತು” ಎನ್ನುವ ದೂರೂ ಇದೆ. ಈ ಗೇರ್‌ಬಾಕ್ಸ್‌ಗಳ ಎಣ್ಣೆಮಟ್ಟವನ್ನು ಗಾಡಿ ಸಮತಟ್ಟಾಗಿ ನಿಂತು, ಎಂಜಿನ್ ಓಡುತ್ತಾ, ಎಣ್ಣೆ ನಿಗದಿತ ಉಷ್ಣಾಂಶದಲ್ಲಿರುವಾಗ ನೋಡಬೇಕು. ಅಂದಾಜಿನಲ್ಲಿ ತುಂಬಿದರೆ ಕೆಡುವುದು ಸಹಜ.

“ಸ್ಕ್ಯಾನರ್ ಹೇಳಿದ ಪಾರ್ಟೇ ಹಾಳು”

ಸ್ಕ್ಯಾನರ್ ತೋರಿಸುವ ಕೋಡ್ ಹೇಳುವುದು ಯಾವ ಅಳತೆ ಮಿತಿ ಮೀರಿತು ಎಂಬುದನ್ನು. ಅದು ಏಕೆ ಮೀರಿತು ಎಂದು ಹೇಳುವುದಿಲ್ಲ. ಸೊರಗಿದ ಬ್ಯಾಟರಿ, ತುಕ್ಕು ಹಿಡಿದ ಅರ್ಥಿಂಗ್, ಒಂದು ಚಕ್ರದ ಸೆನ್ಸರ್ ಇಷ್ಟೇ ಸಾಕು, ಆಲ್ ವೀಲ್ ಡ್ರೈವ್ ದೀಪ ಹೊತ್ತಿಕೊಳ್ಳಲು. ಮೊದಲ ಪೀಳಿಗೆಯ ಎಕ್ಸ್‌ಡ್ರೈವ್ ಗಾಡಿಗಳಲ್ಲಿ ಕ್ಲಚ್ ಒತ್ತುವ ಮೋಟಾರಿನೊಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆಯುವುದು ಎಲ್ಲರಿಗೂ ಗೊತ್ತಿರುವ ದೋಷ. ಅಲ್ಲಿ ಸಣ್ಣ ಗೇರ್ ಬದಲಿಸಿದರೆ ಸಾಲುತ್ತಿತ್ತು, ಇಡೀ ಟ್ರಾನ್ಸ್‌ಫರ್ ಕೇಸ್ ಇಳಿಸಬೇಕಿರಲಿಲ್ಲ. ಅದುರುವಿಕೆ ವೇಗದ ಜೊತೆ ಏರಿದರೆ ಟೈರ್ ಅಥವಾ ಪ್ರೊಪೆಲ್ಲರ್ ಶಾಫ್ಟ್ ನೋಡಿಸಿ. ಗಾಡಿ ನಿಂತಾಗಲೂ ಇದ್ದರೆ ಎಂಜಿನ್ ಮೌಂಟ್. ಮೆಕ್ಯಾನಿಕ್ ನಿಮ್ಮ ಪಕ್ಕದಲ್ಲಿ ಕೂತು ಆ ಜರ್ಕನ್ನು ತಾನೇ ಅನುಭವಿಸುವವರೆಗೆ ಕೋಡ್ ಅಳಿಸಲು ಬಿಡಬೇಡಿ.

“ಎಸ್‌ಯುವಿಗೆ ನೀರು ಏನೂ ಮಾಡದು”

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವದ ಬಡಾವಣೆಗಳಲ್ಲಿ ಐಷಾರಾಮಿ ಗಾಡಿಗಳು ಮುಳುಗಿದ್ದನ್ನು ಎಲ್ಲರೂ ನೋಡಿದ್ದೇವೆ. ಮುಳುಗದೆ ಬರೀ ನೀರು ದಾಟಿ ಬಂದ ಗಾಡಿಗೂ ಅಪಾಯವಿದೆ. ಓಡಿ ಬಿಸಿಯಾದ ಡಿಫರೆನ್ಶಿಯಲ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಅಥವಾ ಸೀಲಿನ ಮೂಲಕ ನೀರನ್ನು ಎಳೆದುಕೊಳ್ಳಬಹುದು. ಏರ್ ಸಸ್ಪೆನ್ಷನ್ ಇರುವ ಲ್ಯಾಂಡ್ ರೋವರ್ ಡಿಫೆಂಡರ್ 900 ಮಿ.ಮೀ. ನೀರಿಗೆ ಸಿದ್ಧ. ಇಂದಿನ ಎಕ್ಸ್5ಗೆ 500 ಮಿ.ಮೀ. ಮಿತಿ. ಆಳದ ನೀರು ದಾಟಿದ್ದರೆ ನಾಲ್ಕೂ ಕಡೆಯ ಎಣ್ಣೆಯ ಬಣ್ಣ ನೋಡಿಸಿ. ಹಾಲು ಬೆರೆತ ಕಾಫಿಯ ಹಾಗಿದ್ದರೆ ತಡಮಾಡದೆ ಬದಲಿಸಬೇಕು.

ನೀರಿನಲ್ಲಾಗಲಿ ದಾರಿಯಲ್ಲಾಗಲಿ ಕೆಟ್ಟು ನಿಂತ ಗಾಡಿಯ ಮುಂದಿನ ಎರಡು ಚಕ್ರ ಮಾತ್ರ ಎತ್ತಿ ಎಳೆದೊಯ್ಯಲು ಒಪ್ಪಲೇಬೇಡಿ. ನಾಲ್ಕೂ ಚಕ್ರ ಮೇಲಿರುವ ಫ್ಲಾಟ್‌ಬೆಡ್ ಲಾರಿಯೇ ಆಗಬೇಕು.

“ಮೂರು ಸಲ ರಿಪೇರಿಯಾದರೆ ಕಂಪನಿ ಹೊಸ ಗಾಡಿ ಕೊಡಲೇಬೇಕು”

ಮತ್ತೆ ಮತ್ತೆ ಕೆಡುವ ಹೊಸ ಗಾಡಿಗೆ ಪರಿಹಾರ ಕೊಡಿಸಲು ಅಮೆರಿಕದ ರಾಜ್ಯಗಳಲ್ಲಿ ‘ಲೆಮನ್ ಲಾ’ ಎಂಬ ಕಾನೂನುಗಳಿವೆ. ಭಾರತದಲ್ಲಿ ಇಷ್ಟು ಸಲ ಎಂಬ ನಿಗದಿ ಇಲ್ಲ. ನಮಗಿರುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ಹೋಗಬೇಕು. ಗಾಡಿಗೆ ಕೊಟ್ಟ ಹಣ 50 ಲಕ್ಷ ದಾಟಿದ್ದರೆ 2021ರ ನಿಯಮದಂತೆ ಜಿಲ್ಲಾ ಆಯೋಗದ ಬದಲು ರಾಜ್ಯ ಆಯೋಗ, 2 ಕೋಟಿ ದಾಟಿದರೆ ರಾಷ್ಟ್ರೀಯ ಆಯೋಗ. ಅಲ್ಲಿ ನಿಮ್ಮ ಪರ ನಿಲ್ಲುವುದು ಸರ್ವಿಸ್ ಸೆಂಟರಿನಲ್ಲಿ ಬರೆದುಕೊಳ್ಳುವ ಜಾಬ್ ಕಾರ್ಡ್. “ಸಾಮಾನ್ಯ ತಪಾಸಣೆ” ಎಂದು ಬರೆದುಕೊಂಡರೆ ಒಪ್ಪದೆ, ಯಾವ ವೇಗದಲ್ಲಿ, ಯಾವ ತಿರುವಿನಲ್ಲಿ ಅದುರುತ್ತದೆ ಎಂಬುದನ್ನು ನಿಮ್ಮ ಮಾತಿನಲ್ಲೇ ಬರೆಸಿ, ಕಿಲೋಮೀಟರ್ ಅಂಕಿಯೊಂದಿಗೆ ಪ್ರತಿ ಪಡೆದು, ಬಿಚ್ಚಿದ ಹಳೆಯ ಪಾರ್ಟ್ ತೋರಿಸಲು ಕೇಳಿ.