ವಿದೇಶ ವ್ಯಾಸಂಗಕ್ಕೆ ವಿದ್ಯಾರ್ಥಿವೇತನ: ಹುಡುಕುವುದು ಹೇಗೆ?

ಮಕ್ಕಳಿಗೆ ವಿದೇಶದಲ್ಲಿ ಪ್ರವೇಶ ದೊರೆತ ಮೇಲಷ್ಟೇ ಹಣದ ಚಿಂತೆ ಮಾಡುವ ಹೆತ್ತವರು ನಮ್ಮಲ್ಲಿ ಅನೇಕರು. ಅಷ್ಟರಲ್ಲಿ ಹೆಚ್ಚಿನ ವಿದ್ಯಾರ್ಥಿವೇತನಗಳ ಅರ್ಜಿಯ ಅವಧಿ ಮುಗಿದಿರುತ್ತದೆ. ಮತ್ತೆ ಉಳಿಯುವುದು ಜಾಗದ ಅಡಮಾನ, ಚಿನ್ನದ ಸಾಲ. ಆದುದರಿಂದ ಹೊರಡುವುದಕ್ಕೆ ಒಂದೂವರೆ ವರ್ಷ ಮೊದಲೇ ಹುಡುಕಾಟ ಆರಂಭಿಸುವುದು ಒಳ್ಳೆಯದು.

ಎರಾಸ್ಮಸ್ ಮುಂಡಸ್: ಯುರೋಪಿಯನ್ ಒಕ್ಕೂಟ 2004ರಲ್ಲಿ ಆರಂಭಿಸಿದ ಯೋಜನೆ. ಆಯ್ಕೆಯಾದ ಸ್ನಾತಕೋತ್ತರ ವಿದ್ಯಾರ್ಥಿಗೆ ಶುಲ್ಕವಿಲ್ಲ. ತಿಂಗಳಿಗೆ 1,400 ಯೂರೋ ದೊರೆಯುತ್ತದೆ. ಪದವಿಯ ಅಂತಿಮ ವರ್ಷದವರೂ ಅರ್ಜಿ ಹಾಕಬಹುದು. ಅರ್ಜಿಗಳು ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಜನವರಿಯವರೆಗೆ.

ಚೀವ್ನಿಂಗ್: ಬ್ರಿಟನ್ ಸರಕಾರದ್ದು, ಒಂದು ವರ್ಷದ ಸ್ನಾತಕೋತ್ತರ ವ್ಯಾಸಂಗಕ್ಕೆ. ಕೆಲಸದ ಅನುಭವ ಬೇಕು. ಕಲಿತ ಮೇಲೆ ತಾಯ್ನಾಡಿಗೆ ಮರಳಬೇಕು.

ಜರ್ಮನಿ: ಹೆಚ್ಚಿನ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಒಂದು ವರ್ಷದ ಜೀವನವೆಚ್ಚಕ್ಕೆ ಹಣವಿದೆಯೆಂದು ವೀಸಾಕ್ಕೆ ಮೊದಲೇ ತೋರಿಸಬೇಕು.

ಜೆ.ಎನ್. ಟಾಟಾ ದತ್ತಿನಿಧಿ: 1892ರಿಂದ ಇದೆ. ಇದು ಸಾಲರೂಪದ ನೆರವು, ಹಿಂತಿರುಗಿಸಬೇಕು.

ಗಮನಿಸಿ: ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ಶಿಕ್ಷಣ ಸಾಲದ ಬಡ್ಡಿ ಭರಿಸುತ್ತಿದ್ದ ಕೇಂದ್ರದ 'ಪಢೋ ಪರದೇಶ್' ಯೋಜನೆ 2022-23ರಿಂದ ನಿಂತಿದೆ. ಅದನ್ನು ನಂಬಿ ಸಾಲ ಮಾಡಬೇಡಿ. ಎರಾಸ್ಮಸ್ ಮುಂಡಸ್, ಚೀವ್ನಿಂಗ್ ಅರ್ಜಿಗಳಿಗೆ ಶುಲ್ಕವಿಲ್ಲ. 'ವಿದ್ಯಾರ್ಥಿವೇತನ ಖಚಿತ' ಎಂದು ಮುಂಗಡ ಕೇಳುವ ಏಜೆಂಟರಿಂದ ದೂರವಿರಿ.

ವಾಳೆಯ ಗುರಿಕಾರರು ಮತ್ತು ಯುವ ಸಂಘಟನೆಯವರು ಆಗಸ್ಟ್‌ನಲ್ಲೇ ಈ ದಿನಾಂಕಗಳನ್ನು ವಿಚಾರಿಸಿ ಚರ್ಚಿನ ಸೂಚನಾ ಫಲಕದಲ್ಲಿ ಹಾಕಲಿ. ಧರ್ಮಗುರುಗಳು ಭಾನುವಾರದ ಪೂಜೆಯ ಬಳಿಕ ಪ್ರಕಟಿಸಲಿ. ಮಾಹಿತಿಯಿಲ್ಲದ ಕಾರಣಕ್ಕೆ ಬಡ ಕುಟುಂಬದ ಒಂದು ಮಗುವೂ ಅವಕಾಶ ಕಳೆದುಕೊಳ್ಳಬಾರದು ಎಂಬುದೇ ನಮ್ಮ ಕಳಕಳಿ.