ನಂದಾದೇವಿ ಶಿಖರ ಏರಿದವರು

ನಮ್ಮ ರಾಜ್ಯದಲ್ಲಿ ಎಲ್ಲಕ್ಕಿಂತ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ. ಅಂಥ ನಾಲ್ಕು ಬೆಟ್ಟ ಒಂದರ ಮೇಲೊಂದು ಇಟ್ಟರೆ ಎಷ್ಟು ಎತ್ತರ ಆದೀತು? ಹಿಮಾಲಯದ ನಂದಾದೇವಿ ಅಷ್ಟು ಎತ್ತರ ಇದೆ. 7,816 ಮೀಟರ್! ಇದು ಇರುವುದು ಈಗಿನ ಉತ್ತರಾಖಂಡ ರಾಜ್ಯದಲ್ಲಿ. ಅಲ್ಲಿಯ ಜನ ನಂದಾದೇವಿಯನ್ನು ತಮ್ಮ ಮನೆಮಗಳು ಅಂತ ಪೂಜಿಸುತ್ತಾರೆ.

ಈ ಬೆಟ್ಟದ ಸುತ್ತ ಕೋಟೆ ಗೋಡೆಯ ಹಾಗೆ ಹಿಮದ ಬೆಟ್ಟಗಳಿವೆ. ಗೋಡೆಗೆ ಇರುವುದು ಒಂದೇ ಸಂದು. ಅಲ್ಲಿಂದ ಋಷಿಗಂಗಾ ನದಿ ಹೊರಗೆ ಹರಿಯುತ್ತದೆ. ಎರಡೂ ಕಡೆ ಕಡಿದಾದ ಬಂಡೆ. ಒಳಗೆ ಹೋಗಲು ಬಂದವರು ದಾರಿ ಕಾಣದೆ ಹಿಂದೆ ಹೋಗಿದ್ದರು.

1934ರಲ್ಲಿ ಶಿಪ್ಟನ್, ಟಿಲ್ಮನ್ ಎಂಬ ಇಬ್ಬರು ಇಂಗ್ಲಿಷರು ಬಂದರು. ಜೊತೆಗೆ ಮೂವರು ಶೆರ್ಪಾಗಳು. ಆಂಗ್ ಥಾರ್ಕೆ, ಪಾಸಾಂಗ್, ಕುಸಾಂಗ್ ಅಂತ ಅವರ ಹೆಸರು. ಶೆರ್ಪಾಗಳು ಹಿಮಾಲಯದ ಜನ. ಹಿಮದಲ್ಲಿ ಹೊರೆ ಹೊತ್ತು ನಡೆಯುವುದರಲ್ಲಿ ಗಟ್ಟಿಗರು. ಐವರೂ ಸೇರಿ ಬಂಡೆಯಲ್ಲೇ ದಾರಿ ಹುಡುಕಿ ಒಳಗೆ ಹೋದರು. ಆದರೆ ಶಿಖರ ಏರಲಿಲ್ಲ.

1936ರಲ್ಲಿ ಟಿಲ್ಮನ್ ಮತ್ತೆ ಬಂದರು. ಈ ಸಲ ಇಂಗ್ಲೆಂಡ್, ಅಮೆರಿಕದವರು ಸೇರಿ ಎಂಟು ಮಂದಿ. ಶೆರ್ಪಾಗಳೂ ಮಾಣಾ ಎಂಬ ಹಳ್ಳಿಯವರೂ ಹೊರೆ ಹೊತ್ತರು. ಕಿತಾರ್ ಎಂಬ ಶೆರ್ಪಾ ಕಾಯಿಲೆ ಬಿದ್ದು ಅಲ್ಲೇ ತೀರಿಕೊಂಡರು.

ಕೊನೆಗೆ ತುದಿಗೆ ಹೋಗಲು ಓಡೆಲ್, ಹೂಸ್ಟನ್ ಎಂಬ ಇಬ್ಬರನ್ನು ಆರಿಸಿದರು. ಆದರೆ ಡಬ್ಬಿಯ ಮಾಂಸ ಕೆಟ್ಟಿತ್ತು. ಅದನ್ನು ತಿಂದು ಹೂಸ್ಟನ್ ಕಾಯಿಲೆ ಬಿದ್ದರು. ಓಡೆಲ್ ಮೇಲಿನಿಂದ ಕೂಗಿ ಹೇಳಿದರು. ಕೆಳಗಿದ್ದವರಿಗೆ ಸರಿಯಾಗಿ ಕೇಳಿಸಲಿಲ್ಲ. ಹೂಸ್ಟನ್ ಸತ್ತೇ ಹೋದರು ಅಂದುಕೊಂಡು ಗಾಬರಿಯಿಂದ ಹತ್ತಿ ಬಂದರು. ನೋಡಿದರೆ ಹೂಸ್ಟನ್ ಬದುಕಿದ್ದರು! ಸುಸ್ತಾಗಿದ್ದರೂ ಅವರು ಕೆಳಗಿಳಿದರು. ತಮ್ಮ ಸರದಿಯನ್ನು ಟಿಲ್ಮನ್‌ಗೆ ಬಿಟ್ಟುಕೊಟ್ಟರು. 1936ರ ಆಗಸ್ಟ್ 29ರಂದು ಟಿಲ್ಮನ್ ಮತ್ತು ಓಡೆಲ್ ಶಿಖರದ ಮೇಲೆ ನಿಂತರು. 1950ರವರೆಗೆ ಮನುಷ್ಯರು ಇದಕ್ಕಿಂತ ಎತ್ತರದ ಶಿಖರ ಏರಿರಲಿಲ್ಲ.

ಹೆಂಗಸರು ಏರಿದ್ದು 1981ರಲ್ಲಿ. ರೇಖಾ ಶರ್ಮಾ, ಹರ್ಷವಂತಿ ಬಿಷ್ಟ್, ಚಂದ್ರಪ್ರಭಾ ಐತವಾಲ್ ಆ ಮೂವರು. ಮೂವರೂ ನಮ್ಮ ದೇಶದವರೇ.

ಮೊದಲು ತುದಿ ಮುಟ್ಟಿದವರು ಇಬ್ಬರು. ಆದರೆ ದಾರಿ ಹುಡುಕಿದವರು, ಹೊರೆ ಹೊತ್ತವರು, ಸರದಿ ಬಿಟ್ಟುಕೊಟ್ಟವರು ಇಲ್ಲದಿದ್ದರೆ ಅದು ಆಗುತ್ತಿತ್ತೇ? ಕಿತಾರ್ ಹೆಸರನ್ನು ಯಾರೋ ಬರೆದಿಟ್ಟರು. ಅದಕ್ಕೇ ಇವತ್ತು ನಾವು ಓದಿದೆವು. ನಮ್ಮೂರಿನ ಬಾವಿ ತೋಡಿದವರು, ಶಾಲೆಗೆ ಕಲ್ಲು ಹೊತ್ತವರು ಯಾರು? ಹಿರಿಯರನ್ನು ಕೇಳೋಣ. ಈಗ ನಮಗೆ ಬರೆಯಲು ಬರುತ್ತದೆ. ಅವರ ಹೆಸರು ಬರೆದಿಡೋಣ.