ಕೆಚ್ಚಲುಬಾವಿನ ಮದ್ದೂ ವರ್ತನೆಯ ಹಾಲೂ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಮನೆಯಲ್ಲಿಯೇ ಹಸುವನ್ನು ಸಾಕಿ ನೆರೆಯವರಿಗೆ ಹಾಲಿನ ವರ್ತನೆ ಕೊಡುವವರು ಈಗ ಕೆಲವರು ಮಾತ್ರ ಉಳಿದಿರುವರು. ಇಂತಹ ಹಾಲಿಗೆ ಹಾಕಿದ ಹೆಪ್ಪು ಒಂದು ದಿನ ನಿಲ್ಲದೆ ಹೋದರೆ ಗೃಹಿಣಿಯರು ಚಳಿಯನ್ನು ದೂರುವುದುಂಟು. ಆದರೆ ಹಸುವಿಗೆ ಕೆಚ್ಚಲುಬಾವಿಗಾಗಿ ಪೆನಿಸಿಲಿನ್ ಕೊಟ್ಟಿದ್ದರೆ ಅದೂ ಕಾರಣವಾಗಬಹುದು. ರೋಗದ ಕ್ರಿಮಿಯನ್ನು ಕೊಲ್ಲುವ ಮದ್ದು ಮೊಸರಿನ ಸೂಕ್ಷ್ಮಜೀವಿಗಳನ್ನೂ ಅಡಗಿಸುತ್ತದೆ.

ಮಾಂಸಖಂಡಕ್ಕೆ ಚುಚ್ಚಿದ ಮದ್ದು ರಕ್ತವನ್ನು ಸೇರಿ ದೇಹದಲ್ಲೆಲ್ಲಾ ಹರಡುವುದು. ಪೆನಿಸಿಲಿನ್ನಿನ ಬಹುಭಾಗವನ್ನು ಮೂತ್ರಪಿಂಡಗಳು ಹೊರಹಾಕುವುವು. ಸ್ವಲ್ಪ ಭಾಗ ಕೆಚ್ಚಲಿನ ಮೂಲಕ ಹಾಲಿಗೆ ಇಳಿಯುವುದು. ಒಂದೇ ಮೊಲೆಯೊಳಕ್ಕೆ ಮದ್ದನ್ನು ಏರಿಸಿದರೂ ಅದರ ಅಂಶವು ರಕ್ತದ ಮಾರ್ಗವಾಗಿ ಉಳಿದ ಮೂರು ಮೊಲೆಗಳಿಗೂ ಬರಬಹುದು. ಆದುದರಿಂದ ನಾಲ್ಕು ಮೊಲೆಗಳ ಹಾಲನ್ನೂ ಬಿಡತಕ್ಕದ್ದು.

ಮದ್ದು ಒಮ್ಮೆಗೇ ಹೋಗುವುದಿಲ್ಲ. ಗೊತ್ತಾದ ಕಾಲಕ್ಕೊಮ್ಮೆ ಅರ್ಧರ್ಧವಾಗಿ ಇಳಿಯುವುದು. ದೃಷ್ಟಾಂತಕ್ಕೆ, 6 ಗಂಟೆಗೊಮ್ಮೆ ಅರ್ಧವಾಗುವ ಮದ್ದು ಮೊದಲು 64 ಪಾಲು ಇದ್ದರೆ, 24 ಗಂಟೆಗಳ ಮೇಲೆ 4 ಪಾಲು ಉಳಿದಿರುವುದು. ಮೆಲ್ಲಗೆ ಕರಗುವಂತೆ ಸಿದ್ಧಪಡಿಸಿದ ಮದ್ದು ಇನ್ನೂ ಹೆಚ್ಚು ಕಾಲ ನಿಲ್ಲುವುದು. ಬಾವು ಇಳಿದ ದಿನವೇ ಹಾಲು ಶುದ್ಧವಾಯಿತೆಂದು ತಿಳಿಯುವುದು ತಪ್ಪು.

ಕಾಯಿಸುವುದರಿಂದ ಪೆನಿಸಿಲಿನ್ ಪೂರ್ತಿಯಾಗಿ ನಾಶವಾಗುವುದಿಲ್ಲ. ಅದು ಒಗ್ಗದ ಮಗುವಿಗೆ ಇಂತಹ ಹಾಲಿನಿಂದ ಮೈಮೇಲೆ ದದ್ದುಗಳೇಳಬಹುದು. ಅಲ್ಪಾಂಶ ಮದ್ದಿಗೆ ಪಳಗಿದ ಕ್ರಿಮಿಗಳು ಮುಂದೆ ಚಿಕಿತ್ಸೆಗೆ ಬಗ್ಗದಿರಬಹುದು. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಆಯೋಗವು ಕಿಲೋಗ್ರಾಂ ಹಾಲಿನಲ್ಲಿ 4 ಮೈಕ್ರೋಗ್ರಾಂ ಪೆನಿಸಿಲಿನ್ನನ್ನು ಮಾತ್ರ ಮಿತಿಯೆಂದು ಇಟ್ಟಿದೆ. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಇಷ್ಟು ಸೂಕ್ಷ್ಮಾಂಶವು ಕಣ್ಣಿಗಾಗಲಿ ನಾಲಿಗೆಗಾಗಲಿ ತಿಳಿಯದು. ಮೊಸರು ಚೆನ್ನಾಗಿ ಹೆಪ್ಪುಗಟ್ಟಿದ ಮಾತ್ರಕ್ಕೆ ಹಾಲಿನಲ್ಲಿ ಮದ್ದಿಲ್ಲವೆಂದು ಹೇಳಲಾಗದು.

1945ರ ಔಷಧ ನಿಯಮಗಳಿಗೆ 2012ರಲ್ಲಿ ಆದ ತಿದ್ದುಪಡಿಯಂತೆ, ಹಾಲನ್ನು ಬಿಡತಕ್ಕ ಅವಧಿಯನ್ನು ಮದ್ದಿನ ಚೀಟಿಯಲ್ಲಿ ಅಚ್ಚುಹಾಕಿರಬೇಕು. ಅವಧಿ ನಿರ್ಧಾರವಾಗಿರದ ಮದ್ದಿಗೆ ಅದು 7 ದಿನಗಳಿಗೆ ಕಡಮೆಯಾಗಕೂಡದು. ಈ ದಿನಗಳನ್ನು ಕಡೆಯ ಸಲ ಮದ್ದು ಕೊಟ್ಟ ಹೊತ್ತಿನಿಂದ ಎಣಿಸತಕ್ಕದ್ದು.

ಒಂದೆರಡು ಹಸುಗಳಿಂದಲೇ ಜೀವನ ಸಾಗಿಸುವವರಿಗೆ ಇದು ಸಣ್ಣ ನಷ್ಟವಲ್ಲ. ಕರೆಯುವ ಮೊದಲು ಕೆಚ್ಚಲನ್ನೂ ಕೈಯನ್ನೂ ತೊಳೆದು ಒರೆಸುವುದು, ಕರೆದ ಮೇಲೆ ಅರ್ಧ ಗಂಟೆಯಾದರೂ ಹಸು ಮಲಗದಂತೆ ಮೇವು ಹಾಕುವುದು, ಇವುಗಳಿಂದ ಬಾವನ್ನೇ ಬಹುಮಟ್ಟಿಗೆ ತಡೆಯಬಹುದು. ಬಾವು ಬಂದಲ್ಲಿ ಪಶುವೈದ್ಯರಿಂದ ಅವಧಿಯನ್ನು ಕೇಳಿ ತಿಳಿದು, ಮದ್ದು ಕೊಟ್ಟ ದಿನವನ್ನೂ ಹೊತ್ತನ್ನೂ ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡುವುದು ಯುಕ್ತವು.